ಬಿಸಿಸಿ: ಇಮೇಲ್‌ನ ಗುಪ್ತ ಪ್ರತಿ

ಒಂದೇ ಇಮೇಲನ್ನು ಹಲವರಿಗೆ ಕಳುಹಿಸುವಾಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ ಮಾಡಲು ಬಳಸುವ ಸಾಲು ಬಿಸಿಸಿ, ಅಂದರೆ ‘ಬ್ಲೈಂಡ್ ಕಾರ್ಬನ್ ಕಾಪಿ’. ಇದರ ಬೇರು ಬೆರಳಚ್ಚು ಯಂತ್ರದ ಕಾಲದ ಕಚೇರಿಯಲ್ಲಿದೆ. ಇಂಗ್ಲೆಂಡಿನ ರಾಲ್ಫ್ ವೆಜ್‌ವುಡ್ 1806ರಲ್ಲೇ ಕಾರ್ಬನ್ ಕಾಗದಕ್ಕೆ ಪೇಟೆಂಟ್ ಪಡೆದಿದ್ದರೂ ಅದು ಮನೆಮಾತಾದದ್ದು ಟೈಪ್‌ರೈಟರ್ ಬಂದ ಮೇಲೆ. ಪತ್ರ ಟೈಪಾದ ಬಳಿಕ ಮೂಲ ಹಾಳೆಯನ್ನು ಹೊರತೆಗೆದು, ಗುಟ್ಟಾಗಿ ಪ್ರತಿ ಪಡೆಯುವವರ ಹೆಸರನ್ನು ಕಾರ್ಬನ್ ಪ್ರತಿಗಳ ಮೇಲಷ್ಟೇ ಒತ್ತುತ್ತಿದ್ದರು. ಪತ್ರ ತಲುಪಿದವರಿಗೆ ಅದರ ಸುಳಿವೂ ಇರುತ್ತಿರಲಿಲ್ಲ.

ಅಂತರಜಾಲದ ಪೂರ್ವರೂಪವಾದ ಅರ್ಪಾನೆಟ್‌ನ ತಂತ್ರಜ್ಞರು ಈ ರೂಢಿಯನ್ನು ಇಮೇಲ್‌ಗೆ ತಂದರು. ಇಮೇಲ್‌ನ ರೂಪವನ್ನು ನಿರ್ಧರಿಸುವ ತಾಂತ್ರಿಕ ದಾಖಲೆಗಳಾದ 1977ರ ಆರ್‌ಎಫ್‌ಸಿ 733 ಮತ್ತು 1982ರಲ್ಲಿ ಡೇವಿಡ್ ಕ್ರಾಕರ್ ಸಿದ್ಧಪಡಿಸಿದ ಆರ್‌ಎಫ್‌ಸಿ 822 ಎರಡರಲ್ಲೂ ಬಿಸಿಸಿ ಇದೆ. ಜಾನ್ ಪೋಸ್ಟೆಲ್ ಅದೇ 1982ರಲ್ಲಿ ಬರೆದ, ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮದ ಪ್ರಕಾರ, ಅಂಚೆ ಯಾರಿಗೆ ತಲುಪಬೇಕೆಂಬುದನ್ನು ಸರ್ವರ್‌ಗಳು ಲಕೋಟೆಯ ಮೇಲಿನ ವಿಳಾಸದಂತೆ ಪ್ರತ್ಯೇಕವಾಗಿ ಹೇಳಿಕೊಳ್ಳುತ್ತವೆ. ಹಾಗಾಗಿ ಪತ್ರದೊಳಗಿನ ಬಿಸಿಸಿ ಸಾಲನ್ನು ಅಳಿಸಿದರೂ ಅಂಚೆ ತಪ್ಪದೆ ಸೇರುತ್ತದೆ.

ಆದರೆ ಒಂದು ಅಂಶವನ್ನು ಒತ್ತಿ ಹೇಳಬೇಕು. ಬಿಸಿಸಿ ಪಡೆದವರೆಲ್ಲರಿಗೂ ಪೂರ್ತಿ ಪಟ್ಟಿ ತೋರಿಸಲು ಆರ್‌ಎಫ್‌ಸಿ 822 ಅವಕಾಶ ಕೊಟ್ಟಿತ್ತು. ಮುಖ್ಯ ಓದುಗರಿಂದ ಕೆಲವರನ್ನು ಮರೆಮಾಡುವುದಷ್ಟೇ ಅಂದಿನ ಉದ್ದೇಶ. ನೂರಾರು ಅಪರಿಚಿತರನ್ನು ಪರಸ್ಪರರಿಂದ ಕಾಯುವ ಹೊಣೆ ಅದರ ಮೇಲೆ ಬಿದ್ದದ್ದು ನಂತರ. ಆ ಭಾರ ಹೊರುವ ಶಕ್ತಿ ಈ ಪುಟ್ಟ ಸಾಲಿಗೆ ಇರಲಿಲ್ಲ. ಕಳುಹಿಸುವವರು ಎಲ್ಲರಿಗೂ ಕಾಣುವ ‘ಟು’ ಸಾಲಿನಲ್ಲಿ ಪಟ್ಟಿ ತುಂಬಿದರೆ ಮುಗಿಯಿತು, ಎಲ್ಲವೂ ಬಯಲು.

2015ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ‘56 ಡೀನ್ ಸ್ಟ್ರೀಟ್’ ಲೈಂಗಿಕ ಆರೋಗ್ಯ ಕ್ಲಿನಿಕ್ ಹೀಗೆಯೇ 781 ಮಂದಿಗೆ ಸುದ್ದಿಪತ್ರ ಕಳುಹಿಸಿತು. 730 ವಿಳಾಸಗಳಲ್ಲಿ ಪೂರ್ಣ ಹೆಸರಿತ್ತು. ಪಡೆದವರಲ್ಲಿ ಎಚ್‌ಐವಿ ಸೋಂಕಿತರೂ ಇದ್ದರು. ಬ್ರಿಟನ್ನಿನ ಮಾಹಿತಿ ಆಯುಕ್ತರು 1,80,000 ಪೌಂಡ್ ದಂಡ ವಿಧಿಸಿದರು. ಇದಕ್ಕಿಂತ ಭೀಕರವಾದದ್ದು 2021ರ ಸೆಪ್ಟೆಂಬರ್ 20ರ ಘಟನೆ. ಕಾಬೂಲ್ ತಾಲಿಬಾನ್ ಕೈಸೇರಿ ಒಂದು ತಿಂಗಳಷ್ಟೇ ಆಗಿತ್ತು. ದೇಶ ಬಿಡಲು ಕಾಯುತ್ತಿದ್ದ 245 ಮಂದಿಯ ವಿಳಾಸಗಳನ್ನು ಬ್ರಿಟಿಷ್ ರಕ್ಷಣಾ ಸಚಿವಾಲಯ ‘ಟು’ ಸಾಲಿನಲ್ಲಿ ಹಾಕಿತು. 55 ಮಂದಿಯ ಭಾವಚಿತ್ರಗಳೂ ಜೊತೆಗೆ ಕಂಡವು. ಇಬ್ಬರು ಎಲ್ಲರಿಗೂ ಹೋಗುವಂತೆ ಉತ್ತರಿಸಿದರು. ಅವರಲ್ಲೊಬ್ಬರು ತಾವಿದ್ದ ಜಾಗವನ್ನೂ ತಿಳಿಸಿಬಿಟ್ಟರು. ಆ ಪಟ್ಟಿ ತಾಲಿಬಾನ್ ಕೈಗೆ ಸಿಕ್ಕಿದ್ದರೆ ಜೀವಗಳೇ ಹೋಗಬಹುದಿತ್ತೆಂದು ಆಯುಕ್ತರು ಎಚ್ಚರಿಸಿದರು. 2023ರ ಡಿಸೆಂಬರ್‌ನಲ್ಲಿ 3,50,000 ಪೌಂಡ್ ದಂಡ ಬಿತ್ತು.

ಸೂಕ್ಷ್ಮ ಮಾಹಿತಿಗೆ ಬಿಸಿಸಿಯನ್ನು ನೆಚ್ಚಬೇಡಿ ಎಂದು ಆಯುಕ್ತರ ಕಚೇರಿ ಅದೇ ವರ್ಷ ಸಂಸ್ಥೆಗಳಿಗೆ ಸೂಚಿಸಿತ್ತು. ಪ್ರತಿಯೊಬ್ಬರಿಗೂ ಬೇರೆ ಬೇರೆ ಪತ್ರ ಹೊರಡಿಸುವ ಮೇಲ್ ಮರ್ಜ್, ಸಗಟು ಇಮೇಲ್ ಸೇವೆಗಳು ಆ ಜಾಗಕ್ಕೆ ಬರುತ್ತಿವೆ. ಇವುಗಳಲ್ಲಿ ಒಂದು ಪತ್ರಕ್ಕೆ ಒಂದೇ ವಿಳಾಸ.