ಮೇಗುಟಿ ಬೆಟ್ಟದ ನಿರಕ್ಷರ ಶಿಲೆಗಳು

ಹುನಗುಂದ ತಾಲ್ಲೂಕಿನ ಐಹೊಳೆಯು ತನ್ನ ದೇವಾಲಯಗಳಿಂದಲೂ ಶಾಸನದಿಂದಲೂ ಪ್ರಖ್ಯಾತವಾದುದು. ಊರಿನ ಮಗ್ಗುಲ ಬೆಟ್ಟದ ಮೇಲಿರುವ ಜಿನಾಲಯಕ್ಕೆ ಮೇಗುಟಿಯೆಂದು ಹೆಸರು. ‘ಮೇಗಣ ಗುಡಿ’ ಎಂಬುದರಿಂದ ಈ ಹೆಸರು ಬಂದಿತೆಂದು ವಿದ್ವಾಂಸರು ಹೇಳುವರು. ಗುಡಿಯ ನೆಲೆಯೂ ಅದನ್ನೇ ಸಮರ್ಥಿಸುವುದು. ಶಕವರ್ಷ 556ರಲ್ಲಿ, ಎಂದರೆ ಕ್ರಿ. ಶ. 634-35ರಲ್ಲಿ, ರವಿಕೀರ್ತಿಯು ಅದರ ಭಿತ್ತಿಯಲ್ಲಿ ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಸಂಸ್ಕೃತದಲ್ಲಿ ಬರೆಯಿಸಿ, ತನ್ನ ಕೀರ್ತಿಯು ಕಾಳಿದಾಸ ಭಾರವಿಗಳ ಕೀರ್ತಿಗೆ ಸಮವೆಂದು ಹೇಳಿಕೊಂಡಿರುವನು.

ಅದೇ ಬೆಟ್ಟದಲ್ಲಿ, ಆ ಗುಡಿಗೆ ಅನತಿದೂರದಲ್ಲಿ, ಒಂದಕ್ಷರವೂ ಇಲ್ಲದ ಶಿಲಾಸಮಾಧಿಗಳಿವೆ. ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ, ಮೇಲೊಂದು ಹಾಸುಗಲ್ಲನ್ನು ಹೊದಿಸಿ, ಮುಂಗಲ್ಲಿನಲ್ಲಿ ದುಂಡಗಿನ ರಂಧ್ರವನ್ನು ಕೊರೆದಿರುವುದೂ ಉಂಟು. ಇವುಗಳ ಒಳಗುಟ್ಟನ್ನು ತಿಳಿಯಲು ಇತರ ಸ್ಥಳಗಳ ಉತ್ಖನನವು ನೆರವಾಗುವುದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವ್ಹೀಲರನು ಅಗೆಯಿಸಿದಾಗ, ಕಲ್ಲುವೃತ್ತಗಳ ನಡುವಣ ಕಲ್ಗೋರಿಗಳಲ್ಲಿ ಮೃತರ ಎಲುಬುಗಳೂ ಮಡಕೆಗಳೂ ಕಬ್ಬಿಣದ ಆಯುಧಗಳೂ ದೊರೆತುವು. ಆದುದರಿಂದ ಕಲ್ಲುವೃತ್ತವು ಬರಿಯ ಬೇಲಿಯಲ್ಲ. ಮೃತರ ನೆಲೆಗೆ ಬದುಕಿದ್ದವರು ಹಾಕಿದ ಎಲ್ಲೆ.

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಇಂತಹವನ್ನು ಜನರು ‘ಮೊರೇರ ಮನೆ’ ಎನ್ನುವರು. ಅಲ್ಲಿ ಕುಳ್ಳ ಜನರು ವಾಸಿಸುತ್ತಿದ್ದರೆಂದು ಕಥೆ. ‘ಮೊರೇರು’ ಎಂದರೆ ಮೌರ್ಯರೆಂದು ಊಹಿಸುವವರುಂಟು. ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವುದು. ರವಿಕೀರ್ತಿಯೂ ಪುಲಕೇಶಿಯು ಕೊಂಕಣದ ಮೌರ್ಯರನ್ನು ಗೆದ್ದನೆಂದಿರುವನು. ಊಹೆಗೆ ಇಷ್ಟು ಆಸರೆ ಸಾಕೆನಿಸಬಹುದು. ಆದರೆ ಕೊಂಕಣದ ಆ ಅರಸರು ಏಳನೆಯ ಶತಮಾನದವರು. ಕಲ್ಗೋರಿಯ ಪದ್ಧತಿಯಾದರೋ, ಅಶೋಕನ ಆಜ್ಞೆಯು ಈ ನಾಡನ್ನು ಮುಟ್ಟುವುದಕ್ಕೆ ಶತಮಾನಗಳ ಮೊದಲೇ ದಕ್ಷಿಣದಲ್ಲಿ ರೂಢಿಯಲ್ಲಿದ್ದಿತು. ಮೇಗುಟಿಯ ನಿರುಕ್ತಿಗೆ ನೆಲವೇ ಸಾಕ್ಷಿಯಾಗಿದೆ. ಮೊರೇರ ನಿರುಕ್ತಿಗೆ ಧ್ವನಿಸಾಮ್ಯವೊಂದೇ ಸಾಕ್ಷಿ. ಯಾಸ್ಕನ ಮಾರ್ಗದಲ್ಲಿ ಪಳಗಿದವರಿಗೂ ಇಲ್ಲಿ ಸಂಯಮವು ಅವಶ್ಯಕ.

ಈ ಎಚ್ಚರಿಕೆಯು ಕೇವಲ ಶಬ್ದವಿಚಾರಕ್ಕೆ ಸಂಬಂಧಿಸಿದುದಲ್ಲ. ಹೆಸರು ಉಳಿಯದ ಒಂದು ಜನಸಮುದಾಯವು ತಮ್ಮವರಿಗಾಗಿ ಹೊತ್ತು ತಂದು ನಿಲ್ಲಿಸಿದ ಕಲ್ಲುಗಳನ್ನು ರಾಜವಂಶವೊಂದಕ್ಕೆ ಒಪ್ಪಿಸಿದರೆ, ಅವರಿಗೆ ಉಳಿದ ಏಕಮಾತ್ರ ಕೀರ್ತಿಯನ್ನೂ ಅಪಹರಿಸಿದಂತಾಗುವುದು. ಕಾಲವು ಅಳಿಸಬಾರದೆಂದು ರವಿಕೀರ್ತಿಯು ಅಕ್ಷರವನ್ನು ನಂಬಿದನು. ಅವರು ಕಲ್ಲನ್ನೇ ನಂಬಿದರು. ಬಯಕೆಯು ಇಬ್ಬರದೂ ಒಂದೇ. ಒಂದೇ ಬೆಟ್ಟವು ಎರಡನ್ನೂ ಕಾಪಾಡಿಕೊಂಡು ಬಂದಿರುವುದು.