ತಾಚೂ ನೈತೋ

ತಾಚೂ ನೈತೋ (1886–1970): ಜಪಾನಿನ ಕಟ್ಟಡ ಎಂಜಿನಿಯರ್, ವಾಸೆದಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. ಭೂಕಂಪ ತಾಳಬಲ್ಲ ಬಹುಮಹಡಿ ಕಟ್ಟಡಗಳ ವಿನ್ಯಾಸಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರು. ಹುಟ್ಟಿದ್ದು ಯಾಮಾನಾಶಿ ಪ್ರಾಂತದಲ್ಲಿ. ಟೋಕಿಯೋದಲ್ಲಿ ಹಡಗು ನಿರ್ಮಾಣ ಓದಲು ಸೇರಿದ್ದರೂ, ರಷ್ಯಾ-ಜಪಾನ್ ಯುದ್ಧ ಮುಗಿದ ಮೇಲೆ ಆ ಉದ್ದಿಮೆಗೆ ಬೇಡಿಕೆ ಕುಸಿದದ್ದರಿಂದ ವಾಸ್ತುಶಿಲ್ಪ ವಿಭಾಗಕ್ಕೆ ಬಂದರು; 1910ರಲ್ಲಿ ಪದವಿ ಪಡೆದರು. ಭೂಕಂಪದ ಅಡ್ಡಬಲವನ್ನು ಕಟ್ಟಡದ ತೂಕದ ಒಂದು ಪಾಲಾಗಿ ಲೆಕ್ಕ ಹಾಕಬಹುದೆಂದು ತೋರಿಸಿದ ಸಾನೋ ತೋಶಿಕಾತಾ ಇವರ ಗುರು. ಅವರು ಕೊಟ್ಟ ಗೇಣುದ್ದಕ್ಕಿಂತ ಚಿಕ್ಕದಾದ ಸ್ಲೈಡ್ ರೂಲನ್ನೇ ನೈತೋ ಜೀವನವಿಡೀ ಬಳಸಿದರು.

ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕಕ್ಕೆ ಹೋದಾಗಿನ ಒಂದು ಸಂಗತಿ ಪ್ರಸಿದ್ಧ. ಹೆಚ್ಚು ಸಾಮಾನು ಹಿಡಿಯಲೆಂದು ಟ್ರಂಕಿನ ಒಳತಡಿಕೆಗಳನ್ನು ತೆಗೆದುಹಾಕಿದ್ದರು; ಪ್ರಯಾಣದಲ್ಲಿ ಅದು ನುಗ್ಗುನುಜ್ಜಾಯಿತು. ಕಟ್ಟಡಕ್ಕೂ ಒಳಗಿನ ತಡಿಕೆಗಳೇ ಬಲವೆಂಬ ಯೋಚನೆ ಇಲ್ಲಿಂದ ಗಟ್ಟಿಯಾಯಿತು. ಕಂಬ-ತೊಲೆಗಳ ಚೌಕಟ್ಟಿನ ನಡುವೆ ಕಾಂಕ್ರೀಟಿನ ಗೋಡೆಗಳನ್ನು ತಳದಿಂದ ಮೇಲಿನವರೆಗೆ ನಿಲ್ಲಿಸಿದರೆ ಅಡ್ಡ ಅಲುಗಾಟವನ್ನು ಅವೇ ಹೊರುತ್ತವೆ. ಆದರೆ ಅವು ಒಂದೇ ಮಗ್ಗುಲಿಗೆ ಸೇರಿಕೊಂಡರೆ ಕಟ್ಟಡ ತಿರುಚಿಕೊಳ್ಳುತ್ತದೆ. ಆದ್ದರಿಂದ ಗೋಡೆ ಎಲ್ಲಿರಬೇಕೆಂಬುದೂ ಲೆಕ್ಕದ ವಿಷಯವೇ. ನೈತೋ ಅವರ ನಿಜವಾದ ಕೊಡುಗೆ ಇದು.

ಈ ಕ್ರಮದಲ್ಲಿ ವಿನ್ಯಾಸಗೊಂಡ, ಉಕ್ಕಿನ ಚೌಕಟ್ಟಿಗೆ ಕಾಂಕ್ರೀಟು ಹೊದಿಸಿದ ಜಪಾನ್ ಕೈಗಾರಿಕಾ ಬ್ಯಾಂಕಿನ ಕಟ್ಟಡ ಟೋಕಿಯೋದಲ್ಲಿ 1923ರ ಜೂನ್‌ನಲ್ಲಿ ಮುಗಿಯಿತು. ಮೂರು ತಿಂಗಳೊಳಗೆ, ಸೆಪ್ಟೆಂಬರ್ 1ರ ನಡುಹಗಲಿನ ಹೊತ್ತಿಗೆ ಕಾಂತೋ ಮಹಾಭೂಕಂಪ ಬಂದೆರಗಿತು. ಕಂಪನ ಮತ್ತು ಬೆಂಕಿಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಬಲಿಯಾದರು. ಅಮೆರಿಕದ ಮಾದರಿಯಲ್ಲಿ ಎದ್ದಿದ್ದ ಹೊಸ ಕಚೇರಿ ಕಟ್ಟಡಗಳು ಬಿರುಕುಬಿಟ್ಟವು. ನಿರ್ಮಾಣದಲ್ಲಿದ್ದ ಒಂದು ಕುಸಿದು ಕೆಲಸಗಾರರು ಸತ್ತರು. ಬ್ಯಾಂಕಿನ ಕಟ್ಟಡಕ್ಕೆ ಹೆಚ್ಚೇನೂ ಆಗಲಿಲ್ಲ. ಮರುವರ್ಷ ಜಪಾನಿನ ಕಟ್ಟಡ ಕಾನೂನು ತೂಕದ ಹತ್ತನೇ ಒಂದು ಪಾಲನ್ನು ಅಡ್ಡಬಲವಾಗಿ ಪರಿಗಣಿಸುವುದನ್ನು ಕಡ್ಡಾಯ ಮಾಡಿತು. (ಗೋಡೆಯಿಲ್ಲದ ನೆಲಮಹಡಿಯನ್ನು ವಾಹನ ನಿಲುಗಡೆಗೆ ಬಿಟ್ಟ ಅಪಾರ್ಟ್‌ಮೆಂಟ್‌ಗಳು 2001ರ ಗುಜರಾತ್ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಕುಸಿದದ್ದನ್ನು ಕಂಡವರಿಗೆ ಈ ಪಾಠ ಇನ್ನೂ ಹಳತಾಗಿಲ್ಲವೆಂದು ತಿಳಿಯುತ್ತದೆ.)

ಕಟ್ಟಡ ಗಡುಸಾಗಿರಬೇಕೋ ಬಳುಕಬೇಕೋ ಎಂಬ ಮುಂದಿನ ದಶಕದ ವಾದದಲ್ಲಿ ನೈತೋ ಗಡುಸಿನ ಪಕ್ಷ. 1926ರಲ್ಲಿ ಕಂಬ-ತೊಲೆಗಳೇ ಇಲ್ಲದೆ ಕಾಂಕ್ರೀಟು ಗೋಡೆಗಳಿಂದಲೇ ತಮ್ಮ ಮನೆ ಕಟ್ಟಿಸಿಕೊಂಡರು. ಅದೀಗ ವಾಸೆದಾದ ಸ್ಮಾರಕ ಭವನ.

ಎರಡನೇ ಮಹಾಯುದ್ಧದ ನಂತರ ಉಕ್ಕಿನ ಗೋಪುರಗಳ ಸಾಲನ್ನೇ ವಿನ್ಯಾಸಗೊಳಿಸಿದರು: ನಗೋಯಾ (1954), ಒಸಾಕಾದ ತ್ಸುತೆನ್‌ಕಾಕು (1956), ಸಪ್ಪೋರೋ (1957), 333 ಮೀಟರ್ ಎತ್ತರದ ಟೋಕಿಯೋ ಟವರ್ (1958). ಇಷ್ಟೆತ್ತರದ ಹಗುರ ಗೋಪುರಕ್ಕೆ ಭೂಕಂಪಕ್ಕಿಂತ ಚಂಡಮಾರುತದ ಗಾಳಿಯೇ ದೊಡ್ಡ ಹೊರೆ. ಕೊನೆಯದಾದ ಹಕಾಟಾ ಬಂದರಿನ ಗೋಪುರ 1964ರಲ್ಲಿ ಮುಗಿದಾಗ ಅವರಿಗೆ ಎಪ್ಪತ್ತೆಂಟು ವರ್ಷ.