ಪರದೇಶದ ರಂಗಸ್ಥಲಗಳಲ್ಲಿ ಸಾಧ್ವಿ ಜೋನಳ ಚರಿತ್ರನಾಟಕ

ಫ್ರಾನ್ಸ್ ದೇಶದ ಒಕ್ಕಲು ಮನೆತನದಲ್ಲಿ ಹುಟ್ಟಿ, ದೈವವಾಣಿಯನ್ನು ನಂಬಿ ಸೈನ್ಯವನ್ನು ನಡೆಯಿಸಿ, ಕ್ರಿ.ಶ. 1431ರಲ್ಲಿ ರೂಆನ್ ಪಟ್ಟಣದಲ್ಲಿ ಮತದ್ರೋಹದ ಆರೋಪದಿಂದ ಸಜೀವ ದಹಿಸಲ್ಪಟ್ಟ ಜೋನ್ ಎಂಬ ಕನ್ಯೆಯ ಹೆಸರು ಯುರೋಪಖಂಡದಲ್ಲಿ ಸುಪ್ರಸಿದ್ಧವಾದುದು. 1456ರಲ್ಲಿ ಕ್ರೈಸ್ತ ಧರ್ಮಾಧಿಕಾರಿಗಳೇ ಆ ತೀರ್ಪನ್ನು ರದ್ದುಗೊಳಿಸಿದರು; 1920ರಲ್ಲಿ ಹದಿನೈದನೆಯ ಬೆನೆಡಿಕ್ಟ್ ಪೋಪರು ಆಕೆಯನ್ನು ಸಂತಳೆಂದು ಸಾರಿದರು. ಕವಿಗಳಿಂದ ಆಕೆಗೆ ದೊರೆತ ನ್ಯಾಯವು ಮಾತ್ರ ಅಷ್ಟಕ್ಕಷ್ಟೆ. ಶೇಕ್ಸ್‌ಪಿಯರನ 'ಆರನೆಯ ಹೆನ್ರಿ'ಯಲ್ಲಿ ಅವಳು ಮಾಟಗಾತಿ. ಸ್ವದೇಶದವನೇ ಆದ ವಾಲ್ಟೇರನಿಗೆ ಪರಿಹಾಸ್ಯದ ವಸ್ತು. ಜರ್ಮನ್ ಕವಿ ಷಿಲ್ಲರನು ಗೌರವಿಸಿದನಾದರೂ, ರಣಾಂಗಣದಲ್ಲಿ ಮಡಿದಳೆಂದು ಕಥೆಯನ್ನೇ ತಿರುಗಿಸಿಬಿಟ್ಟನು.

ಹೀಗಿರಲು, ಡಬ್ಲಿನ್ನಿನಲ್ಲಿ ಜನಿಸಿ ಇಂಗ್ಲೆಂಡಿನಲ್ಲಿ ನೆಲಸಿದ ಬರ್ನಾರ್ಡ್ ಷಾ 1923ರಲ್ಲಿ 'ಸೇಂಟ್ ಜೋನ್' ಎಂಬ ನಾಟಕವನ್ನು ರಚಿಸಿದನು. ಆರು ಪ್ರವೇಶಗಳು, ಕಡೆಗೊಂದು ಉಪಸಂಹಾರ. ಆಕೆಯನ್ನು ದಂಡಿಸಿದ ಧರ್ಮಾಧಿಕಾರಿಗಳನ್ನು ಆತನು ದುಷ್ಟರನ್ನಾಗಿ ಚಿತ್ರಿಸಲಿಲ್ಲ. ಸ್ವಧರ್ಮವನ್ನು ಕಾಯುತ್ತಿದ್ದೇವೆಂದು ನಂಬಿಯೇ ಅವರು ತೀರ್ಪಿತ್ತರು. ನಾಟಕದ ಭಯಂಕರತೆಯು ಇಲ್ಲಿಯೇ ಇರುವದು.

ಇದರ ಪ್ರಥಮ ಪ್ರಯೋಗವು ಕರ್ತೃವಿನ ನಾಡಿನಲ್ಲಾಗಲಿ ಕಥಾನಾಯಕಿಯ ನಾಡಿನಲ್ಲಾಗಲಿ ಆಗಲಿಲ್ಲ. ಅಮೇರಿಕೆಯ ಥಿಯೇಟರ್ ಗಿಲ್ಡ್ ಮಂಡಳಿಯವರು ನ್ಯೂಯಾರ್ಕಿನ ಗ್ಯಾರಿಕ್ ನಾಟಕಗೃಹದಲ್ಲಿ 1923ನೆಯ ಡಿಸೆಂಬರ್ 28ರಂದು ಅದನ್ನು ಆಡಿದರು. ವಿನಿಫ್ರೆಡ್ ಲೆನಿಹನ್ ಎಂಬಾಕೆ ಜೋನಳಾದಳು. ಆಟವು ಮೂರು ತಾಸುಗಳನ್ನು ಮೀರುತ್ತಿದ್ದುದರಿಂದ, ದೂರದ ಪ್ರೇಕ್ಷಕರಿಗೆ ಕಡೆಯ ರೈಲುಗಾಡಿಯು ತಪ್ಪುವದೆಂದು ಹೇಳಿ, ಕೆಲವು ಭಾಗವನ್ನು ತೆಗೆಯಲು ಮಂಡಳಿಯವರು ಬೇಡಿಕೊಂಡರು. ಆಟವನ್ನು ಬೇಗ ಆರಂಭಿಸಿರಿ, ಇಲ್ಲವೆ ಗಾಡಿಯನ್ನು ತಡವಾಗಿ ಬಿಡಿಸಿರಿ ಎಂಬ ಅರ್ಥದ ಉತ್ತರವು ಷಾನಿಂದ ಬಂದಿತು!

ವಿಮರ್ಶಕರಲ್ಲಿ ಅನೇಕರಿಗೆ ಬೇಡವೆನಿಸಿದುದು ಉಪಸಂಹಾರವು. ಅಲ್ಲಿ ಜೋನಳ ಮಿತ್ರರೂ ಶತ್ರುಗಳೂ ರಾಜನ ಸ್ವಪ್ನದಲ್ಲಿ ಕಲೆಯುವರು. ಆಕೆಗೆ ಸಂತಪದವಿಯು ದೊರೆತ ವಾರ್ತೆಯನ್ನು ಕೇಳಿ ಒಬ್ಬೊಬ್ಬರಾಗಿ ಮೊಣಕಾಲೂರಿ ಸ್ತುತಿಸುವರು. ಹಾಗಾದರೆ ಜೀವ ತಳೆದು ಮರಳಿ ಬರಲೇ ಎಂದು ಅವಳು ಕೇಳಿದೊಡನೆ, ಸ್ತುತಿಸಿದವರೆಲ್ಲರೂ ನೆಪ ಹೇಳಿ ಮೆಲ್ಲನೆ ಜಾರುವರು. ಇದನ್ನು ಬಿಡಲು ಷಾ ಸರ್ವಥಾ ಒಪ್ಪಲಿಲ್ಲ; ಅದು ಯೋಗ್ಯವೇ ಆಯಿತು. ದಹನದಲ್ಲಿಯೇ ತೆರೆ ಬಿದ್ದಿದ್ದರೆ, ಪ್ರೇಕ್ಷಕರು ಸತ್ತವಳಿಗಾಗಿ ಎರಡು ಹನಿ ಕಣ್ಣೀರು ಸುರಿಸಿ, ತಾವು ಸಜ್ಜನರೆಂಬ ತೃಪ್ತಿಯಿಂದ ಮನೆಗೆ ತೆರಳುತ್ತಿದ್ದರು. ಸಂತರನ್ನು ಪಟದಲ್ಲಿ ಪೂಜಿಸುವವರು ಅವರೊಡನೆ ಒಂದು ದಿನ ಬಾಳಬಲ್ಲರೆ ಎಂಬ ಪ್ರಶ್ನೆಯನ್ನು ಉಪಸಂಹಾರವು ಬಿಡದೆ ಕೇಳುವದು.

ಲಂಡನ್ನಿನ ನ್ಯೂ ಥಿಯೇಟರಿನಲ್ಲಿ 1924ನೆಯ ಮಾರ್ಚ್ 26ರಂದು ಸಿಬಿಲ್ ಥಾರ್ನ್‌ಡೈಕ್ ಎಂಬ ನಟಿಯು ಜೋನಳಾಗಿ ನಿಂತಳು. ಜೋನಳನ್ನು ಸುಡಿಸಿದವರ ರಾಜಧಾನಿಯಲ್ಲಿಯೇ ಆಟವು 200ಕ್ಕೂ ಮಿಕ್ಕಿ ನಡೆಯಿತು. ಅದೇ ವರ್ಷ ಬರ್ಲಿನ್ನಿನಲ್ಲಿ ಮಾಕ್ಸ್ ರೈನ್‌ಹಾರ್ಟನ ನಿರ್ದೇಶನದಲ್ಲಿ ಎಲಿಜಬೆತ್ ಬೆರ್ಗ್ನರ್ ಆ ಪಾತ್ರವನ್ನು ವಹಿಸಿದಳು.

ನಿಜವಾದ ಪರೀಕ್ಷೆಯು ಪ್ಯಾರಿಸಿನಲ್ಲಿತ್ತು. ತಮ್ಮ ಸಾಧ್ವಿಯನ್ನು ವಿನೋದಪ್ರಿಯನಾದ ಪರಕೀಯನು ಏನು ಮಾಡಿರುವನೋ ಎಂಬ ಶಂಕೆಯು ಫ್ರೆಂಚರಿಗೆ ಸಹಜವೇ. 1925ರಲ್ಲಿ ಅದನ್ನು ಅಲ್ಲಿ ಆಡಿಸಿದವರೂ ಫ್ರೆಂಚರಲ್ಲ. ರಶಿಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಜಾರ್ಜ್ ಪಿತೊಯೆಫ್ ಮತ್ತು ಆತನ ಪತ್ನಿ ಲುದ್ಮಿಲಾ. ಷಾ ಬರೆದವಳು ಗಟ್ಟಿಮುಟ್ಟಾದ ಹಳ್ಳಿಯ ಹುಡುಗಿ. ಲುದ್ಮಿಲಾ ತೋರಿಸಿದವಳು ಕೃಶಾಂಗಿಯಾದ ಧ್ಯಾನಮಗ್ನೆ. ಪ್ಯಾರಿಸಿನ ಜನರು ಈ ಜೋನಳನ್ನು ತಮ್ಮವಳೆಂದು ಒಪ್ಪಿಕೊಂಡರು. ಆ ದಂಪತಿಗಳು ಮುಂದಿನ ವರ್ಷಗಳಲ್ಲಿಯೂ ಅದನ್ನು ಪುನಃ ಪುನಃ ಆಡಿದರು.